ಎರಡನೆಯ ಕುರ್ಚಿ

ನಾನು ವಿಮಾನಶಾಸ್ತ್ರ ಬಲ್ಲವನಲ್ಲ. ಟಿಕೇಟು ಕೊಂಡು ಕಿಟಕಿಯ ಬಳಿ ಕೂಡುವವನು. ಆದರೂ, ವಿಮಾನಕ್ಕೆ ಇಬ್ಬರು ಚಾಲಕರೇಕೆ, ಒಬ್ಬ ಸಾಲದೆ ಎಂದು ಕೇಳುವ ಮಹಾಶಯರಿಗೆ ನಾಲ್ಕು ಮಾತು ಹೇಳಲೇಬೇಕಾಗಿದೆ.

ಅವರ ವಾದ ಸರಳ. ಹಿಂದೆ ಚಾಲಕರ ಕೋಣೆಯಲ್ಲಿ ರೇಡಿಯೋದವನಿದ್ದ, ದಾರಿ ಗುರುತಿಸುವ ನ್ಯಾವಿಗೇಟರ್ ಇದ್ದ, ಎಂಜಿನಿಯರ್ ಇದ್ದ. ಒಬ್ಬೊಬ್ಬರಾಗಿ ಇಳಿದುಹೋದರು, ವಿಮಾನಗಳು ಹಾರುತ್ತಲೇ ಇವೆ. ಇನ್ನೊಬ್ಬನೂ ಇಳಿದರೆ ಒಂದು ಸಂಬಳ ಉಳಿಯಿತು. ಸರಿಯಪ್ಪ! ಇಳಿದವರ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು, ಒಪ್ಪುತ್ತೇನೆ. ಆದರೆ ಎರಡನೆಯ ಚಾಲಕನಿರುವುದು ಕೈಗೆ ಕೈ ಕೂಡಿಸುವುದಕ್ಕೆ ಮಾತ್ರವಲ್ಲ. ಮೊದಲನೆಯವನು ಎಡವಿದಾಗ ‘ಬೇಡ’ ಎನ್ನುವುದಕ್ಕೆ, ಅವನು ಕುಸಿದಾಗ ಇಳಿಸುವುದಕ್ಕೆ.

೧೯೯೦ರ ಜೂನ್ ೧೦ರಂದು ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಮುಂಗಾಜು ಆಕಾಶದಲ್ಲೇ ಕಿತ್ತುಹೋಯಿತು. ಕ್ಯಾಪ್ಟನ್ನನ ಅರ್ಧ ದೇಹ ಹೊರಗೆ! ಸಿಬ್ಬಂದಿ ಅವನ ಕಾಲು ಹಿಡಿದು ನಿಂತರು; ಪಕ್ಕದ ಕುರ್ಚಿಯವನು ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದ. ಕ್ಯಾಪ್ಟನ್ನನೂ ಸೇರಿ ೮೭ ಜನರೂ ಬದುಕಿದರು. ೨೦೧೫ರ ಮಾರ್ಚಿಯಲ್ಲಿ ಜರ್ಮನ್‌ವಿಂಗ್ಸ್ ವಿಮಾನದಲ್ಲಿ ಇದಕ್ಕೆ ವಿರುದ್ಧ ನಡೆಯಿತು. ಕ್ಯಾಪ್ಟನ್ ಹೊರಗೆ ಹೋದೊಡನೆ ಸಹಚಾಲಕ ಬಾಗಿಲು ಭದ್ರಪಡಿಸಿ, ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಬೇಕೆಂದೇ ಬಡಿದ. ಸತ್ತವರು ೧೫೦. ಒಬ್ಬನೇ ಇರುವುದೆಂದರೆ ಏನೆಂಬುದನ್ನು ಬಾಗಿಲು ಬಡಿಯುತ್ತ ನಿಂತ ಆ ಕ್ಯಾಪ್ಟನ್ ಅರಿತಿದ್ದ.

‘ಮಂಗಳೂರಿನಲ್ಲಿ ಇಬ್ಬರಿರಲಿಲ್ಲವೆ?’ ಎಂದು ಅವರು ಕೇಳಬಹುದು. ಇದ್ದರು. ೨೦೧೦ರ ಮೇ ೨೨ರ ಬೆಳಗ್ಗೆ, ದುಬೈಯಿಂದ ಬಂದ ವಿಮಾನ ಗುಡ್ಡದ ನೆತ್ತಿಯ ಆ ನಿಲ್ದಾಣಕ್ಕೆ ತೀರ ಎತ್ತರದಿಂದ ಇಳಿಯುತ್ತಿತ್ತು. ಹಾದಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದ ಕ್ಯಾಪ್ಟನ್ನನಿಗೆ, ಮತ್ತೆ ಮೇಲೇರಿ ಸುತ್ತಿ ಬರೋಣವೆಂದು ಸಹಚಾಲಕ ಒಂದಲ್ಲ, ಹಲವು ಸಲ ಹೇಳಿದನೆಂದು ವಿಚಾರಣೆಯಲ್ಲಿ ಹೊರಬಂತು. ಕ್ಯಾಪ್ಟನ್ ಕೇಳಲಿಲ್ಲ. ೧೫೮ ಜನ ಸತ್ತರು. ಕರಾವಳಿಯ ಎಷ್ಟು ಮನೆಗಳಲ್ಲಿ ಇನ್ನೂ ಆ ದಿನ ಮುಗಿದಿಲ್ಲ! ಸರಿಯಾದ ಮಾತು ಬಂದದ್ದು ಎರಡನೆಯ ಕುರ್ಚಿಯಿಂದ. ಕಿವಿ ಕೇಳಲಿಲ್ಲವೆಂದು ಬಾಯಿಯನ್ನೇ ಹೊಲಿಯುವ ವೈದ್ಯವನ್ನು ನಾನೆಲ್ಲೂ ಕಂಡಿಲ್ಲ.

ಇಡೀ ಹಾರಾಟವಲ್ಲ, ವಿಮಾನ ಎತ್ತರದಲ್ಲಿ ನೇರವಾಗಿ ಸಾಗುವಾಗ ಮಾತ್ರ ಒಬ್ಬನಿದ್ದರೆ ಸಾಕು, ಇನ್ನೊಬ್ಬ ಮಲಗಿರಲಿ ಎಂಬ ಮೆತ್ತಗಿನ ಯೋಜನೆಯೂ ಇದೆ. ಯೂರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಅದನ್ನು ಅಭ್ಯಾಸ ಮಾಡಿಸಿ, ಈಗಿನ ಏರ್ಪಾಡಿನಲ್ಲಿ ಇಬ್ಬರಿರುವಷ್ಟು ಕ್ಷೇಮವೆಂದು ತೋರಿಸಲಾಗದೆಂದು ೨೦೨೫ರಲ್ಲಿ ಹೇಳಿತು. ಆಸೆ ಮಾತ್ರ ಸತ್ತಿಲ್ಲ. ಹೊಸ ಯಂತ್ರ ಬರಲೆಂದು ಕಾದಿದೆ.

ಆ ಸಂಬಳದಲ್ಲಿ ನನ್ನ ಪಾಲಿನ ದುಡ್ಡನ್ನು ಟಿಕೇಟಿಗೆ ಸೇರಿಸಿಬಿಡಲಿ, ಕೊಡುತ್ತೇನೆ. ಉಳಿತಾಯ ಮಾಡಲೇಬೇಕೆಂದರೆ, ಅವರು ಕೊಡುವ ಆ ತಣ್ಣನೆಯ ಸ್ಯಾಂಡ್‌ವಿಚ್ ನನಗೆ ಬೇಡ.