ಪಶುಪಾಲಕರಿಗೂ ಕೃಷಿ ಬೋಧಕರಿಗೂ ಕೊಡತಕ್ಕ ಶಿಕ್ಷಣವನ್ನು ಕುರಿತ ಮನವಿ ಪತ್ರ

ಓಲ್ಡ್ ರಾಜಿಂದರ್ ನಗರ,
ನವದೆಹಲಿ

ಗೆ,
ಉಪ ಮಹಾನಿರ್ದೇಶಕರು (ಕೃಷಿ ವಿಸ್ತರಣೆ),
ಭಾರತೀಯ ಕೃಷಿ ಅನುಸಂಧಾನ ಪರಿಷತ್ತು,
ಕೃಷಿ ಅನುಸಂಧಾನ ಭವನ, ಪೂಸಾ, ನವದೆಹಲಿ

ವಿಷಯ: ಕನ್ನಡ ನುಡಿವ ಪ್ರದೇಶಗಳ ಪಶುಪಾಲಕರಿಗೂ ಅವರಿಗೆ ಕಲಿಸುವ ಬೋಧಕರಿಗೂ ಸುಸ್ಥಿರ ಪಶುಸಂಗೋಪನೆಯಲ್ಲಿ ತರಬೇತಿ ಏರ್ಪಡಿಸುವ ಬಗ್ಗೆ.

ಮಾನ್ಯರೆ,

ಕರ್ನಾಟಕದ ಬೇರೆ ಬೇರೆ ಜಿಲ್ಲೆಗಳಿಂದ ಬಂದು, ಓಲ್ಡ್ ರಾಜಿಂದರ್ ನಗರದ ಬಾಡಿಗೆಯ ಕೊಠಡಿಗಳಲ್ಲಿ ವಾಸವಾಗಿದ್ದುಕೊಂಡು, ಲೋಕಸೇವಾ ಆಯೋಗದ ಪರೀಕ್ಷೆಗಳಿಗೂ ಕೃಷಿ ವಿಜ್ಞಾನಿಗಳ ನೇಮಕದ ಪರೀಕ್ಷೆಗಳಿಗೂ ವ್ಯಾಸಂಗ ನಡೆಸುತ್ತಿರುವ ಪಶುವೈದ್ಯ ಪದವೀಧರರೂ ಕೃಷಿ ಪದವೀಧರರೂ ಆದ ನಾವು, ತಮ್ಮ ಅವಗಾಹನೆಗಾಗಿ ಈ ಬಿನ್ನಹವನ್ನು ಸಮರ್ಪಿಸುತ್ತಿದ್ದೇವೆ. ನಮ್ಮಲ್ಲಿ ಬಹುಮಂದಿ ಡೈರಿಗೆ ಹಾಲು ಹಾಕಿ ಬಂದ ಬಟವಾಡೆಯ ಹಣದಿಂದಲೇ ಓದಿದವರು. ಇಂದಿಗೂ ಈ ಊರಿನ ಕೊಠಡಿಯ ಬಾಡಿಗೆಗೆ ಸಲ್ಲುತ್ತಿರುವುದರಲ್ಲಿ ಒಂದಂಶ ಮನೆಯ ಸೀಮೆಹಸುಗಳು ದುಡಿದುಕೊಟ್ಟದ್ದೇ ಆಗಿದೆ. ಆದಕಾರಣ ಈ ವಿಷಯದಲ್ಲಿ ಮಾತನಾಡುವ ಅಧಿಕಾರವು ನಮಗೆ ಪದವಿಯಿಂದ ಎಷ್ಟು ಬಂದಿದೆಯೋ ಋಣದಿಂದಲೂ ಅಷ್ಟೇ ಬಂದಿದೆಯೆಂದು ಭಾವಿಸುತ್ತೇವೆ.

ನಮ್ಮ ಓಣಿಗಳಿಂದ ನಡೆದುಹೋಗುವಷ್ಟು ದೂರದಲ್ಲಿಯೇ ಪೂಸಾ ಆವರಣವಿದೆ. 1905ರಲ್ಲಿ ಬಿಹಾರದ ಪೂಸಾದಲ್ಲಿ ಸ್ಥಾಪಿತವಾಗಿ, 1934ರ ಭೂಕಂಪದಿಂದ ಜರ್ಝರಿತವಾಗಿ, 1936ರಲ್ಲಿ ದೆಹಲಿಗೆ ಬಂದು ಆ ಆವರಣದಲ್ಲಿ ನೆಲೆಗೊಂಡ ಭಾರತೀಯ ಕೃಷಿ ಅನುಸಂಧಾನ ಸಂಸ್ಥೆಯಲ್ಲಿ, 1939ರಷ್ಟು ಹಿಂದೆಯೇ ಎಸ್. ವಿ. ದೇಸಾಯಿಯವರು ಸಗಣಿಯಿಂದ ಉರಿಯುವ ಅನಿಲವನ್ನು ಪಡೆಯುವ ಪ್ರಯೋಗಗಳನ್ನು ನಡೆಸಿದ್ದರು. ಅನಿಲವನ್ನು ಒಲೆಗೂ ಉಳಿದ ಬಗ್ಗಡವನ್ನು ಹೊಲಕ್ಕೂ ಕೊಡುವ ಈ ವಿದ್ಯೆಗೆ ಇಷ್ಟು ವಯಸ್ಸಾಗಿದ್ದರೂ, ಸಹಾಯಧನದಿಂದ ಕಟ್ಟಿಸಿದ ಗೋಬರ್ ಗ್ಯಾಸ್ ತೊಟ್ಟಿಯು ಬಿರುಕುಬಿಟ್ಟು ಅದರ ಮೇಲೆ ಸೌದೆ ಒಟ್ಟಿರುವ ದೃಶ್ಯವು ನಮ್ಮ ಊರುಗಳಲ್ಲಿ ಅಪರೂಪವೇನಲ್ಲ. ಪ್ರಯೋಗಶಾಲೆಯಲ್ಲಿ ಸಿದ್ಧವಾದ ವಿದ್ಯೆಯು ಕೊಟ್ಟಿಗೆಯನ್ನು ತಲುಪದೆ ನಡುವೆ ಎಲ್ಲಿ ನಿಲ್ಲುತ್ತದೆಂದು ವಿಚಾರಿಸಿದರೆ, ಅದು ನಿಲ್ಲುವುದು ಬೋಧಕನಲ್ಲಿಯೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಒಂದು ನಿದರ್ಶನವನ್ನು ಸವಿಸ್ತರವಾಗಿ ನಿವೇದಿಸಲು ಅಪ್ಪಣೆಯಾಗಬೇಕು. ಭತ್ತದ ಒಣಹುಲ್ಲನ್ನು ಯೂರಿಯಾದಿಂದ ಉಪಚರಿಸಿ ಪುಷ್ಟಿಗೊಳಿಸುವ ವಿಧಾನವು ಎಲ್ಲ ಪಠ್ಯಗಳಲ್ಲಿಯೂ ಇರುವುದಷ್ಟೆ. ನೂರು ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ತುಳಿದು ಗಾಳಿಯಾಡದಂತೆ ಹೊದಿಸಿ, 21 ದಿನಗಳ ಮೇಲೆ ತೆಗೆಯಬೇಕೆಂಬುದು ನಾಲ್ಕು ಸಾಲಿನಲ್ಲಿ ಮುಗಿಯುವ ಪಾಠ. ಆದರೆ ಯೂರಿಯಾ ಕರಗಿಸಿದ ಬಕೀಟನ್ನು ಕೊಟ್ಟಿಗೆಯ ಬಾಗಿಲಲ್ಲಿಟ್ಟು ಒಳಗೆ ಹೋದರೆ ಬಾಯಾರಿದ ಹಸು ಅದನ್ನು ಕುಡಿದು ಸಾಯುವುದೆಂಬುದೂ, ಬಣವೆಯಿಂದ ಹಿರಿದ ಹುಲ್ಲನ್ನು ಸ್ವಲ್ಪ ಹೊತ್ತು ಹರಡಿ ಕಣ್ಣುರಿಸುವ ಘಾಟು ಹೋದ ಮೇಲೆಯೇ ಹಾಕತಕ್ಕದ್ದೆಂಬುದೂ, ಆರು ತಿಂಗಳೊಳಗಿನ ಕರುಗಳಿಗೆ ಅದನ್ನು ತೋರಿಸಲೇಬಾರದೆಂಬುದೂ, ಮೊದಲ ದಿನ ಮೂಸಿ ಮುಖ ತಿರುಗಿಸುವ ದನಕ್ಕೆ ಹಳೆಯ ಹುಲ್ಲಿನೊಡನೆ ಬೆರೆಸಿ ರೂಢಿ ಮಾಡಿಸಬೇಕೆಂಬುದೂ ತಾನೇ ಕೈಯಿಟ್ಟು ಮಾಡಿದವನ ಬಾಯಿಂದಲ್ಲದೆ ಬರುವ ಮಾತುಗಳಲ್ಲ. ಕಪ್ಪುಹಲಗೆಯ ಮುಂದೆ ನಿಂತು ಈ ಪಾಠ ಹೇಳುವ ಬೋಧಕನು ಜೀವಮಾನದಲ್ಲಿ ಒಂದು ಬಣವೆಯನ್ನೂ ಉಪಚರಿಸದಿದ್ದಲ್ಲಿ, ಎದುರಿಗೆ ಕುಳಿತ ರೈತನು ಅದನ್ನು ಎರಡೇ ಪ್ರಶ್ನೆಗಳಲ್ಲಿ ಕಂಡುಹಿಡಿಯುತ್ತಾನೆ. ಅಲ್ಲಿಂದ ಮುಂದೆ ಅವನು ಊಟದ ಹೊತ್ತಿಗಾಗಿ ಕಾಯುವನೇ ಹೊರತು ಪಾಠಕ್ಕಾಗಿ ಅಲ್ಲ. ನಾವಾದರೂ ಇದಕ್ಕೆ ಹೊರತಾದವರಲ್ಲ: ದನದ ತೇಗಿನಿಂದ ಹೊಮ್ಮುವ ಮೀಥೇನನ್ನು ಕುರಿತು ಹತ್ತು ಅಂಕದ ಉತ್ತರವನ್ನು ಏಳು ನಿಮಿಷದಲ್ಲಿ ಬರೆಯಬಲ್ಲೆವು, ಕೈಯಿಟ್ಟು ಮಾಡಿ ಕಲಿತದ್ದು ಮಾತ್ರ ಕಡಿಮೆ.

ಬೆಂಗಳೂರಿನಲ್ಲಿ 1923ರಲ್ಲಿ ಆರಂಭವಾದ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಗೆ 1927ರಲ್ಲಿ ಗಾಂಧೀಜಿಯವರು ವಿದ್ಯಾರ್ಥಿಯಾಗಿ ಹೋಗಿ, ದನಗಳ ಪಾಲನೆಯನ್ನು ಪ್ರತ್ಯಕ್ಷವಾಗಿ ನೋಡಿ ಕೇಳಿ ತಿಳಿದುಕೊಂಡ ಸಂಗತಿಯು ತಮಗೆ ವಿದಿತವೇ ಆಗಿದೆ. ಅಂತಹ ಪರಂಪರೆಯುಳ್ಳ ಇಲಾಖೆಯಲ್ಲಿ ನಮ್ಮ ಮೊದಲನೆಯ ಮತ್ತು ಮುಖ್ಯವಾದ ಬೇಡಿಕೆಯೇನೆಂದರೆ: ಕೃಷಿ ವಿಜ್ಞಾನ ಕೇಂದ್ರಗಳ ಪಶುಸಂಗೋಪನಾ ತಜ್ಞರೂ, ಡಿಪ್ಲೊಮಾ ತರಗತಿಗಳ ಉಪನ್ಯಾಸಕರೂ, 2024ರ ನವೆಂಬರಿನಲ್ಲಿ 2481 ಕೋಟಿ ರೂಪಾಯಿಗಳ ವೆಚ್ಚಕ್ಕೆ ಮಂಜೂರಾತಿ ಪಡೆದ ರಾಷ್ಟ್ರೀಯ ಸಹಜ ಕೃಷಿ ಅಭಿಯಾನದಲ್ಲಿ ದುಡಿಯುವ ಕೃಷಿ ಸಖಿಯರೂ, ಇತರರಿಗೆ ಕಲಿಸುವುದಕ್ಕೆ ಮೊದಲು ಒಂದು ಬೇಸಗೆ ಮತ್ತು ಒಂದು ಮಳೆಗಾಲದ ಮಟ್ಟಿಗಾದರೂ ವಾರಕ್ಕಿಷ್ಟು ದಿನವೆಂದು ಗೊತ್ತುಮಾಡಿಕೊಂಡು ಒಬ್ಬ ರೈತನ ಕೊಟ್ಟಿಗೆಯಲ್ಲಿ ಕೆಲಸ ಮಾಡಿ ಕಲಿಯುವ ವ್ಯವಸ್ಥೆಯಾಗಬೇಕು, ಕಲಿಸಿದ ರೈತನಿಗೆ, ವಿಶ್ವವಿದ್ಯಾಲಯದ ಅತಿಥಿ ಉಪನ್ಯಾಸಕರಿಗೆ ಸಲ್ಲುವಂತೆಯೇ, ಸಂಭಾವನೆ ಸಲ್ಲಬೇಕು. ಸಗಣಿ ಗಂಜಲಗಳಿಂದ ಮಾಡುವ ಜೀವಾಮೃತವನ್ನು ಬೋಧಿಸುವ ಸಹಜ ಕೃಷಿಯ ಶಿಬಿರದಲ್ಲಿ ಅವನ್ನು ಕೊಡುವ ಹಸುವಿನ ಮೇವಿನ ಪ್ರಸ್ತಾಪವೇ ಬಾರದಿರುವುದು ವಿಚಿತ್ರವಲ್ಲವೆ?

ಎರಡನೆಯದು ಔಷಧದ ವಿಷಯ. ಕೆಚ್ಚಲುಬಾವಿಗೆ ಪ್ರತಿಜೀವಕದ ಚುಚ್ಚುಮದ್ದು ಕೊಟ್ಟ ಮೇಲೆ ನಿಯಮಿತ ಅವಧಿಯವರೆಗೆ ಆ ಹಾಲನ್ನು ಡೈರಿಗೆ ಹಾಕತಕ್ಕದ್ದಲ್ಲ. ಆದರೆ ಆ ದಿನಗಳ ಬಟವಾಡೆ ಯಾರು ಕೊಡುವರೆಂಬ ಪ್ರಶ್ನೆಗೆ ಉತ್ತರವಿಲ್ಲದೆ ನಿಯಮವನ್ನು ಮಾತ್ರ ಬೋಧಿಸಿದರೆ ಅದನ್ನು ಪಾಲಿಸುವವರು ವಿರಳ. ಬೆಂಗಳೂರಿನ ಟ್ರಾನ್ಸ್ ಡಿಸಿಪ್ಲಿನರಿ ವಿಶ್ವವಿದ್ಯಾಲಯದ ವಿದ್ವಾಂಸರು ರೂಢಿಗೆ ತಂದು, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಪ್ರಚಾರಪಡಿಸುತ್ತಿರುವ ಲೇಪನದಲ್ಲಿ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಇಷ್ಟೇ ಇದ್ದು, ಅರೆದು ದಿನದಲ್ಲಿ ಹಲವು ಬಾರಿ ಕೆಚ್ಚಲಿಗೆ ಹಚ್ಚುವುದು ಯಾವ ಮನೆಯಲ್ಲಿಯೂ ಅಸಾಧ್ಯವಲ್ಲ. ಬೇನೆಯ ಆರಂಭದಲ್ಲಿ ಇದನ್ನು ಬಳಸುವ ಕ್ರಮವನ್ನೂ, ಯಾವ ಲಕ್ಷಣ ಕಂಡೊಡನೆ ವೈದ್ಯರನ್ನು ಕರೆಯತಕ್ಕದ್ದೆಂಬ ವಿವೇಚನೆಯನ್ನೂ ಒಟ್ಟಿಗೆ ಕಲಿಸುವ ಪಾಠವು ಪಠ್ಯಕ್ರಮದಲ್ಲಿ ಸೇರಬೇಕು. ನಾಟಿ ಔಷಧವೆಂದೊಡನೆ ಮೂಗುಮುರಿಯುವುದೂ, ಅದರಿಂದ ಸರ್ವವೂ ಗುಣವಾಗುವುದೆಂದು ಸಾರುವುದೂ ನಮಗೆ ಸಮಾನವಾಗಿ ಅಸಮ್ಮತ.

ಭಾಷೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿರುವ ತಮ್ಮದೇ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಮೀಥೇನನ್ನು ಶೇಕಡ 17ರಿಂದ 20ರವರೆಗೆ ತಗ್ಗಿಸುವುದೆನ್ನಲಾದ ‘ಹರಿತ ಧಾರಾ’ ಆಹಾರಪೂರಕವನ್ನು ರೂಪಿಸಿದೆ. ಅದರ ಬಳಕೆ, ಬೆಲೆ, ಫಲ ಇವುಗಳ ವಿವರಣೆಯು ಆಡುಗೋಡಿಯಿಂದ ಅರಸೀಕೆರೆಗೆ ಕನ್ನಡದಲ್ಲಿ ಹೋಗುವುದು ನ್ಯಾಯ. ಕಾಸರಗೋಡಿನ ಮಂಜೇಶ್ವರ, ಕುಂಬಳೆಗಳಲ್ಲಿಯೂ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯಲ್ಲಿಯೂ, ತಮಿಳುನಾಡಿನ ತಾಳವಾಡಿಯಲ್ಲಿಯೂ ಕನ್ನಡವಾಡುವ ಪಶುಪಾಲಕರಿದ್ದಾರೆ. ಅಲ್ಲಿನ ಕೃಷಿ ವಿಜ್ಞಾನ ಕೇಂದ್ರಗಳಿಗೂ ಕನ್ನಡದ ಪಾಠಗಳನ್ನು ಒದಗಿಸಬೇಕು.

ಮೇವು ಕುಯ್ಯುವವರೂ, ಹಾಲು ಕರೆಯುವವರೂ, ಕರು ಹಾಕುವ ರಾತ್ರಿ ಲಾಟೀನು ಹಿಡಿದು ಕುಳಿತಿರುವವರೂ ಬಹುಪಾಲು ಹೆಂಗಸರು. ತರಬೇತಿಯ ಪ್ರಮಾಣಪತ್ರದಲ್ಲಿರುವುದು ಮಾತ್ರ ಮನೆಯ ಯಜಮಾನನ ಹೆಸರು. ಜಿಲ್ಲಾ ಕೇಂದ್ರದಲ್ಲಿ ಬೆಳಿಗ್ಗೆ ಹತ್ತಕ್ಕೆ ಆರಂಭವಾಗಿ ಸಂಜೆ ಐದಕ್ಕೆ ಮುಗಿಯುವ ಶಿಬಿರಕ್ಕೆ ಎರಡು ಹೊತ್ತು ಹಾಲು ಕರೆಯಬೇಕಾದ ತಾಯಿ ಹೇಗೆ ಬಂದಾಳು? ಆದುದರಿಂದ ತರಗತಿಗಳು ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಟ್ಟಡದಲ್ಲಿ, ಹನ್ನೊಂದರಿಂದ ಎರಡರವರೆಗೆ, ಬೆಳಗಿನ ಮತ್ತು ಸಂಜೆಯ ಕರೆವಿನ ನಡುವೆ ನಡೆಯಬೇಕೆಂದೂ, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾಗಬೇಕೆಂದೂ ಕೋರುತ್ತೇವೆ.

ಕುರಿಗಾರರಿಗಂತೂ ಕಟ್ಟಡವೇ ಇಲ್ಲ. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಮಂದೆ ತಂಗಿಸಿ, ಹಿಕ್ಕೆಯ ಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಪಡೆದು ಮುಂದಿನ ಊರಿಗೆ ಸಾಗುವ ಅವರ ಪದ್ಧತಿಯನ್ನು ಸುಸ್ಥಿರ ಕೃಷಿಯ ಉದಾಹರಣೆಯೆಂದು ಭಾಷಣಗಳಲ್ಲಿ ಹೊಗಳುವುದುಂಟು. ಆದರೆ ನೀಲಿನಾಲಿಗೆ, ಕರುಳುಬೇನೆಗಳ ಲಸಿಕೆ ಯಾವ ತಿಂಗಳಲ್ಲಿ ಹಾಕಿಸಬೇಕೆಂದು ಅವರ ದಾರಿಗೆ ಹೋಗಿ ಹೇಳುವವರಿಲ್ಲ. ಅವರು ನಡೆಯುವ ದಾರಿಯಲ್ಲಿಯೇ, ಅವರು ತಂಗುವ ಹೊಲದಲ್ಲಿಯೇ ಪಾಠ ನಡೆಸುವ ಸಂಚಾರಿ ಬೋಧಕರನ್ನು ನೇಮಿಸಬೇಕು.

ಕೊನೆಯದಾಗಿ, ಬ್ಯಾನರಿನ ಮುಂದೆ ತೆಗೆದ ಛಾಯಾಚಿತ್ರವೂ ಹಾಜರಿ ಪುಸ್ತಕದ ಸಹಿಗಳೂ ತರಬೇತಿಯ ಫಲಕ್ಕೆ ಸಾಕ್ಷಿಯಾಗಲಾರವು. ಆರು ತಿಂಗಳ ಬಳಿಕ ಬೋಧಕನು ಅದೇ ಮನೆಗೆ ಹೋಗಿ, ತಿಪ್ಪೆಗೆ ನೆರಳೂ ಮಣ್ಣಿನ ಹೊದಿಕೆಯೂ ಬಂದಿವೆಯೆ, ಹಿಂಡಿ ಬೂಸಾಗಳ ಖರ್ಚು ಇಳಿದಿದೆಯೆ, ಕಲಿತದ್ದರಲ್ಲಿ ಯಾವುದನ್ನು ಬಿಟ್ಟರು, ಏಕೆ ಬಿಟ್ಟರು ಎಂದು ಬರೆದು ತರಬೇಕು. ಬಿಟ್ಟ ಕಾರಣಗಳೇ ಮುಂದಿನ ವರ್ಷದ ಪಠ್ಯವಾಗತಕ್ಕದ್ದು.

ಪಾಠಗಳನ್ನು ಕನ್ನಡಕ್ಕೆ ತರುವ ಕಾರ್ಯದಲ್ಲಿ ಸಂಭಾವನೆಯಿಲ್ಲದೆ ದುಡಿಯಲು ನಮ್ಮಲ್ಲಿ ಅನೇಕರು ಸಿದ್ಧರಿದ್ದಾರೆ. ಭಾನುವಾರಗಳನ್ನು ಇದಕ್ಕೆ ಮೀಸಲಿಡಬಲ್ಲೆವು. ಈ ಬಿನ್ನಹದ ಹಿಂದಿ ಅನುವಾದವನ್ನು ಲಗತ್ತಿಸಿದೆ. ತಾವು ಒಂದು ದಿನವನ್ನು ಗೊತ್ತುಮಾಡಿ ಕರೆಸಿಕೊಂಡಲ್ಲಿ ಪ್ರಯಾಣಭತ್ಯದ ಪ್ರಶ್ನೆಯೇ ಏಳದು, ನಡೆದೇ ಬರುತ್ತೇವೆ. ಬರಲಿರುವ ವರ್ಷದ ತರಬೇತಿಯ ವೇಳಾಪಟ್ಟಿ ಸಿದ್ಧವಾಗುವ ಮುನ್ನ ಲಿಖಿತ ಉತ್ತರವನ್ನು ದಯಪಾಲಿಸಬೇಕೆಂದು ಪ್ರಾರ್ಥಿಸುತ್ತೇವೆ.

ತಮ್ಮ ವಿಧೇಯರು,
ಓಲ್ಡ್ ರಾಜಿಂದರ್ ನಗರದ ನಿವಾಸಿಗಳಾದ ಕನ್ನಡಿಗ ಪಶುವೈದ್ಯ ಮತ್ತು ಕೃಷಿ ಪದವೀಧರರು