ಗಲ್ಲೆಯ ದುಡ್ಡು ಯಾರದು?

ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಗಳಲ್ಲಿ ಕ್ಷೌರಿಕರಿಗೆ ಸುಗ್ಗಿಯಲ್ಲಿ ಆಯ ಅಳೆದುಕೊಡುತ್ತಿದ್ದ ಕಾಲದಲ್ಲಿ ಲೆಕ್ಕ ಬರೆಯುವ ಅಗತ್ಯವಿರಲಿಲ್ಲ. ಯಾವ ಮನೆಯಿಂದ ಎಷ್ಟು ಜೋಳ ಬರಬೇಕೆಂಬುದು ಕಣದಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಇಂದು ಅದೇ ಮನೆತನಗಳ ಮಕ್ಕಳು ಪೇಟೆಯಲ್ಲಿ ಮಳಿಗೆ ಹಿಡಿದು, ಕುರ್ಚಿ ಹಾಕಿ, ಕನ್ನಡಿಗೆ ಯುಪಿಐ ಚೀಟಿ ಅಂಟಿಸಿ ದುಡಿಯುತ್ತಿದ್ದಾರೆ. ಕಸುಬು ಸ್ವತಂತ್ರವಾಯಿತು, ಲೆಕ್ಕ ಮಾತ್ರ ಇನ್ನೂ ನೆನಪಿನಲ್ಲೇ ಇದೆ.

ಒಬ್ಬರೇ ನಡೆಸುವ ಅಂಗಡಿಯೊಂದರ ತಿಂಗಳ ಲೆಕ್ಕವನ್ನು ಉದಾಹರಣೆಗೆ ನೋಡೋಣ. ಗಲ್ಲೆಗೆ ಬಿದ್ದದ್ದು 30,000 ರೂಪಾಯಿ ಎನ್ನೋಣ. ಮಳಿಗೆ ಬಾಡಿಗೆ 5,000, ಕರೆಂಟಿಗೆ 900, ಬ್ಲೇಡು, ಕ್ರೀಮು, ಪೌಡರು, ಟವೆಲು ಒಗೆಸಿದ್ದು ಎಲ್ಲ ಸೇರಿ 3,600. ಉಳಿದದ್ದು 20,500. ಕೂದಲು ಕತ್ತರಿಸುವ ಮಷೀನು ಎಂದಾದರೂ ಕೆಡುತ್ತದೆ, ಕುರ್ಚಿಯ ರೆಗ್ಜಿನ್ ಹರಿಯುತ್ತದೆ. ಅದಕ್ಕೆಂದು 1,000 ತೆಗೆದಿಟ್ಟರೆ 19,500. ಆದರೆ ಹಾಲಿಗೆ, ಶಾಲೆಯ ಫೀಗೆ, ಬೀಗರ ಮನೆಯ ಮದುವೆಗೆ ಎಂದು ಸಂಜೆ ಸಂಜೆ ಗಲ್ಲೆಯಿಂದ ಮನೆಗೆ ಹೋದದ್ದು 22,000! ತಿಂಗಳಿಗೆ 2,500ರಂತೆ ಅಂಗಡಿಯೇ ಕರಗುತ್ತಿದೆ. ಬ್ಲೇಡಿನ ಅಂಗಡಿಯಲ್ಲಿ ಬಾಕಿ ಬೆಳೆಯುತ್ತದೆ, ಮಷೀನು ಕೆಟ್ಟ ದಿನ ವಾರದ ಬಡ್ಡಿಯವರ ಮುಂದೆ ಕೈಯೊಡ್ಡಬೇಕಾಗುತ್ತದೆ. ಗಿರಾಕಿ ಕಡಿಮೆಯಾದರೆಂದು ಅಂಥವರು ಹೇಳುವುದನ್ನು ನಾವು ಕೇಳಿದ್ದೇವೆ. ಗಿರಾಕಿ ಕಡಿಮೆಯಾಗಿರುವುದಿಲ್ಲ.

ಇದಕ್ಕೆ ದೊಡ್ಡ ಕಿರ್ದಿ ಖತಾವಣಿ ಬೇಡ, 100 ಪುಟದ ನೋಟುಬುಕ್ಕು ಸಾಕು. ಬೆಳಿಗ್ಗೆ ಬಾಗಿಲು ತೆರೆದಾಗ ಗಲ್ಲೆಯಲ್ಲಿರುವ ಶಿಲ್ಕನ್ನು ಬರೆಯಿರಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಕೈಗೆ ಬಂದ ನಗದು ಒಂದು ಸಾಲು, ಫೋನಿಗೆ ಬಂದದ್ದು ಇನ್ನೊಂದು ಸಾಲು. ಫೋನಿನ ದುಡ್ಡು ಕಣ್ಣಿಗೆ ಕಾಣದೆ ಖರ್ಚಾಗುತ್ತದೆ. ಕೆಲವರಲ್ಲಿ ಅದು ಮಗನ ಖಾತೆಗೆ ಬಿದ್ದು ರೀಚಾರ್ಜು, ಪೆಟ್ರೋಲು ಎಂದು ಮುಗಿದಿರುತ್ತದೆ. ಅಂಗಡಿಗೆಂದೇ ಬೇರೆ ಖಾತೆಯಿರಲಿ. ಮನೆಗೆ ವಾರಕ್ಕೊಮ್ಮೆ ಗೊತ್ತುಪಡಿಸಿದಷ್ಟನ್ನು ನಿಮ್ಮ ಕೂಲಿ ಎಂದು ಬರೆದೇ ತೆಗೆದುಕೊಳ್ಳಿ. ರಾತ್ರಿ ಬೀಗ ಹಾಕುವ ಮುನ್ನ, ಬೆಳಗಿನ ಶಿಲ್ಕಿಗೆ ದಿನದ ನಗದು ಕೂಡಿಸಿ, ನಗದಾಗಿ ಕೊಟ್ಟದ್ದನ್ನು ಕಳೆದರೆ ಗಲ್ಲೆಯಲ್ಲಿ ಅಷ್ಟೇ ಇರಬೇಕು. ಹೊಂದದಿದ್ದರೆ ಅಂದೇ ಹುಡುಕಬೇಕು, ಮರುದಿನ ನೆನಪಾಗುವುದಿಲ್ಲ. ಉದ್ರಿ ಹೇಳಿ ಎದ್ದುಹೋದವರ ಹೆಸರು ಕೊನೆಯ ಪುಟದಲ್ಲಿರಲಿ. (ಊರ ಪುಢಾರಿಯ ಗಡ್ಡದ ಬಾಕಿ ವಸೂಲಾಗುವುದೆಂದು ನಾವೇನೂ ಭರವಸೆ ಕೊಡುವುದಿಲ್ಲ!)

ಎರಡನೆಯ ಕುರ್ಚಿಯಲ್ಲಿ ಅರ್ಧ ಪಾಲಿಗೆ ದುಡಿಯುವ ತಮ್ಮಂದಿರ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಆ ಕುರ್ಚಿಯಲ್ಲಿ ಎಷ್ಟು ಕಟಿಂಗು, ಎಷ್ಟು ಗಡ್ಡ ಆಯಿತೆಂದು ಬೇರೆಯೇ ಬರೆಯಿರಿ. ಪಾಲು ಕೊಟ್ಟಾಗ, ಮುಂಗಡ ಕೊಟ್ಟಾಗ ಅವರ ಸಹಿ ಬೇಕು. ಅವರ ಕೈಯಲ್ಲೂ ಅದರ ಪ್ರತಿ ಇರಬೇಕು. ಸಾಮಾನಿನ ಖರ್ಚನ್ನು ಪಾಲು ಹಾಕುವ ಮೊದಲು ಕಳೆಯುವುದೋ, ಮಾಲೀಕರೇ ಹೊರುವುದೋ ಎಂಬುದನ್ನು ಮೊದಲ ದಿನವೇ ಬರೆದಿಡಿ. ಅಣ್ಣತಮ್ಮಂದಿರಂತಿದ್ದವರು ಈ ಒಂದು ಮಾತಿಗೆ ಮುನಿದು ಎದುರುಬದುರು ಅಂಗಡಿ ಹಾಕಿದ್ದನ್ನು ಕಂಡಿದ್ದೇವೆ. ಸಹಿಯಿಲ್ಲದ ಲೆಕ್ಕದಲ್ಲಿ ನಷ್ಟವಾಗುವುದು ಹೆಚ್ಚಾಗಿ ಕೂಲಿಯವರಿಗೇ.

ಬರೆದಿಟ್ಟರೆ ತೆರಿಗೆ ಬೀಳುತ್ತದೆಂಬ ಹೆದರಿಕೆ ಹಲವರಿಗಿದೆ. ಮೇಲೆ ಹೇಳಿದ ಅಂಗಡಿಯ ವರ್ಷದ ವಹಿವಾಟು 3,60,000 ರೂಪಾಯಿ. ಇಂಥ ಸೇವೆಯ ಕಸುಬಿಗೆ ಜಿಎಸ್‌ಟಿ ನೋಂದಣಿಯ ಮಾತು ಬರುವುದು ವಹಿವಾಟು 20 ಲಕ್ಷ ದಾಟಿದ ಮೇಲೆ. ಪುಸ್ತಕ ನಿಜವಾಗಿ ಬೇಕಾಗುವುದು ಸಾಲ ಮಾಡುವ ಮುನ್ನ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಸೇರಿದೆ. ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ ಶೇಕಡಾ 5, ತೀರಿಸಲು 18 ತಿಂಗಳು. ವಾರದ ಬಡ್ಡಿಯ ಪಕ್ಕದಲ್ಲಿಟ್ಟರೆ ಇದು ಸಾಲವೇ ಅಲ್ಲವೆನಿಸುತ್ತದೆ. ಆದರೆ ಪೂರ್ತಿ 1 ಲಕ್ಷ ತೆಗೆದರೆ ತಿಂಗಳ ಕಂತು ಸುಮಾರು 5,800 ರೂಪಾಯಿ. 19,500ರಲ್ಲಿ ಅದನ್ನು ಕಳೆದರೆ ಮನೆಗೆ ಉಳಿಯುವುದು 13,700. ಅಷ್ಟರಲ್ಲಿ ಮನೆ ನಡೆದೀತೇ, ಇಲ್ಲವೇ 40,000 ತೆಗೆದರೆ ಸಾಕೇ ಎಂಬುದನ್ನು ಅರ್ಜಿಗೆ ಸಹಿ ಹಾಕುವ ಮೊದಲೇ, ನೋಟುಬುಕ್ಕು ಮುಂದಿಟ್ಟುಕೊಂಡು, ಮನೆಯವರೊಡನೆ ಕುಳಿತು ಮಾತಾಡಿಕೊಳ್ಳಿ.