ಪ್ರಮಾಣಪತ್ರವು ವಿದ್ಯೆಗೆ ಪ್ರಮಾಣವೇ?



ಶಿವಮೊಗ್ಗೆಯ ಸವಳಂಗ ರಸ್ತೆಯಲ್ಲಿ 1980ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಇಂಜಿನಿಯರಿಂಗ್ ಕಾಲೇಜಿದೆ. ಅತ್ತ ದಾವಣಗೆರೆಯಲ್ಲಿ 1979ರಿಂದ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿದೆ. ಮೆಕ್ಕೆಜೋಳ ಬೆಳೆಯುವ ನಮ್ಮ ರೈತನ ಮಕ್ಕಳು ಇಂದು ಕಂಪ್ಯೂಟರ್ ವಿಜ್ಞಾನವನ್ನು ಓದುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಆ ಮಕ್ಕಳನ್ನು ಬೆನ್ನಟ್ಟಿರುವ ಒಂದು ಪಿಡುಗಿನ ವಿಷಯದಲ್ಲಿ ನಾವು ಮೌನವಾಗಿರುವುದು ಯುಕ್ತವಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಇಂಟರ್ನ್‌ಶಿಪ್ಪನ್ನು ಪಠ್ಯಕ್ರಮದಲ್ಲಿಯೇ ಸೇರಿಸಿದೆ. ತರಗತಿಗೆ ಶೇಕಡಾ 85ರ ಹಾಜರಾತಿಯನ್ನೂ ವಿಧಿಸಿದೆ. ಎರಡೂ ಸರಿಯೇ. ಕೈಗೆಲಸವಿಲ್ಲದ ಓದು ಕುಂಟು, ಓದಿಲ್ಲದ ಕೈಗೆಲಸ ಕುರುಡು. ಆದರೆ ಈ ಅನಿವಾರ್ಯತೆಯನ್ನೇ ಬಂಡವಾಳ ಮಾಡಿಕೊಂಡು ಕೆಲವರು ಅಂಗಡಿ ತೆರೆದಿದ್ದಾರೆ. ವಿದ್ಯಾರ್ಥಿಯಿಂದಲೇ ಸಾವಿರಾರು ರೂಪಾಯಿ ಪಡೆದು, ನಾಲ್ಕು ವಿಡಿಯೋ ತೋರಿಸಿ, ಪ್ರಮಾಣಪತ್ರವನ್ನು ಕೈಗಿಡುತ್ತಾರೆ. ಇದು ತರಬೇತಿಯೇ? ಕಾಗದದ ವ್ಯಾಪಾರವಲ್ಲವೇ?

"ಹಳ್ಳಿಯ ಮಕ್ಕಳಿಗೆ ಬೇರೆ ದಾರಿಯೇನು ಸ್ವಾಮಿ?" ಎಂದು ಕೇಳುವವರುಂಟು. ದಾರಿಯುಂಟು. ಹದವರಿಯದೆ ಬಿತ್ತಿದ ಬೀಜ ಮೊಳೆಯದೆಂಬುದನ್ನು ರೈತನ ಮಗನಿಗೆ ಹೇಳಿಕೊಡಬೇಕೆ? ಮೊದಲೆರಡು ವರ್ಷ ಗಣಿತ, ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಇವುಗಳಲ್ಲಿ ಬೇರು ಬಿಡಲಿ. ನಿತ್ಯ ಒಂದು ಗಂಟೆಯಾದರೂ ಸ್ವಂತವಾಗಿ ಪ್ರೋಗ್ರಾಮ್ ಬರೆದು, ತಪ್ಪಿದಲ್ಲಿ ತಾನೇ ತಿದ್ದಲಿ. ಊರಿನ ಹಾಲಿನ ಡೈರಿಯ ಲೆಕ್ಕಕ್ಕೊಂದು ತಂತ್ರಾಂಶ ರಚಿಸಿದರೆ, ಕೊಂಡ ಪತ್ರಕ್ಕಿಂತ ಅದೇ ಹೆಚ್ಚಿನ ಸಾಕ್ಷಿ. ಅನಂತರ ರಜೆಯ ವಾರಗಳಲ್ಲಿ ಇಂಟರ್ನ್‌ಶಿಪ್ಪಿಗೆ ಹೋಗಲಿ. ಪರೀಕ್ಷೆಯ ತಿಂಗಳಲ್ಲಿ ಬೇಡ. ಯಂತ್ರವೇ ಪ್ರೋಗ್ರಾಮ್ ಬರೆದುಕೊಡುವ ಈ ಕಾಲದಲ್ಲಿ, ಬರೆದುದು ಸರಿಯೇ ತಪ್ಪೇ ಎಂದು ನಿರ್ಣಯಿಸಬಲ್ಲವನಿಗೇ ಬೆಲೆ. ಆ ವಿವೇಕವು ಬುನಾದಿಯಿಂದಲ್ಲದೆ ಬಾರದು.

ಒಪ್ಪಿಕೊಳ್ಳುವ ಮುನ್ನ ವಿದ್ಯಾರ್ಥಿಯು ಮೂರು ಪ್ರಶ್ನೆ ಕೇಳಲಿ: ನನ್ನ ಕೆಲಸವನ್ನು ಪರಿಶೀಲಿಸಿ ತಿದ್ದುವವರು ಯಾರು? ವಾರಕ್ಕೆಷ್ಟು ಗಂಟೆ? ಗೌರವಧನವೆಷ್ಟು? ಉತ್ತರವಿಲ್ಲದ ಕಡೆಗೆ ಹೋಗಬಾರದು. ಹಣ ಕೇಳುವ ಕಡೆಗೆ ಸರ್ವಥಾ ಹೋಗಬಾರದು. 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಯಲ್ಲಿ ಕಲಿಯುವವನಿಗೂ ಸ್ಟೈಪೆಂಡ್ ಕೊಡಬೇಕೆಂದು ವಿಧಿಸಿತು. ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವನೇಕೆ ತಾನೇ ಹಣ ತೆರಬೇಕು? 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು ತಿಂಗಳಿಗೆ 5000 ರೂಪಾಯಿ ಗೊತ್ತುಮಾಡಿತಾದರೂ, ಪೂರ್ಣಾವಧಿ ವಿದ್ಯಾರ್ಥಿಗಳನ್ನು ಹೊರಗಿಟ್ಟೇ ಆರಂಭವಾಯಿತು.

ಆದುದರಿಂದ ನಮ್ಮ ಮಾತು ಮಕ್ಕಳಿಗಿಂತ ಹೆಚ್ಚಾಗಿ ನಿಮಗೆ. ಮಠದ ಪ್ರಸಾದವನ್ನುಂಡು ಓದಿ, ಇಂದು ಬೆಂಗಳೂರಿನ ಕಂಪನಿಗಳಲ್ಲಿ ಅಧಿಕಾರ ಸ್ಥಾನದಲ್ಲಿರುವವರೇ, ಜಯಂತಿಯ ದಿನ ಕಾಯಕದ ಮಹಿಮೆಯನ್ನು ಭಾಷಣ ಮಾಡಿದರೆ ಸಾಲದು. ಈ ಸೀಮೆಯ ಇಬ್ಬರು ವಿದ್ಯಾರ್ಥಿಗಳನ್ನಾದರೂ ರಜೆಯಲ್ಲಿ ಕರೆಸಿಕೊಂಡು, ಪಕ್ಕದಲ್ಲಿ ಕೂರಿಸಿ ಕಲಿಸಿ, ದುಡಿದುದಕ್ಕೆ ಹಣ ಕೊಟ್ಟು, ಕಾಲೇಜು ತೆರೆಯುವ ದಿನ ಹಿಂದಕ್ಕೆ ಕಳುಹಿಸಿರಿ. ಕಾಯಕಕ್ಕೆ ಕೂಲಿ ಕೊಡದವನಿಗೆ ಕಾಯಕದ ಮಾತಾಡುವ ಅಧಿಕಾರವಿಲ್ಲ.